ಹಳೇ ಪೈಲಟ್ ಬ್ಯಾಡ್ಜ್ ಕೊಳ್ಳುವ ಮುನ್ನ ತಿರುಗಿಸಿ ನೋಡಿ

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ್ದೆಂದು ಬೆಂಗಳೂರಿನ ಹಳೇ ಸಾಮಾನು ವ್ಯಾಪಾರಿಯೊಬ್ಬರು ಅಮೆರಿಕನ್ ಪೈಲಟ್ ವಿಂಗ್ಸ್ (ರೆಕ್ಕೆಯಾಕಾರದ ಬ್ಯಾಡ್ಜ್) ತೋರಿಸಿದರು. ಮೂರಿಂಚು ಉದ್ದ, ಹಿಂದೆ ಬೆಳ್ಳಿಯದೆಂದು ಹೇಳುವ ‘ಸ್ಟರ್ಲಿಂಗ್’ ಎಂಬ ಮುದ್ರೆ. ಎಚ್‌ಎಎಲ್‌ನಲ್ಲಿದ್ದ ಅಮೆರಿಕನ್ನರದಂತೆ. ನಂಬಬಹುದೆ?

ಉತ್ತರ: ಕಥೆ ಅಸಂಭವವೇನಲ್ಲ. 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ರಿಪೇರಿ ಕೇಂದ್ರವಾಗಿತ್ತು. ಆದರೆ ಅಂಥ ಕಥೆ ಯಾವ ಬ್ಯಾಡ್ಜಿಗೆ ಬೇಕಾದರೂ ಅಂಟುತ್ತದೆ. ‘ಸ್ಟರ್ಲಿಂಗ್’ ಮುದ್ರೆಯೂ ಅಷ್ಟೇ, ಅಕ್ಷರ ಒತ್ತುವ ಒಂದು ಪಂಚ್ ಇದ್ದರೆ ನಿಮಿಷದ ಕೆಲಸ. ವಿನ್ಯಾಸ ನೋಡಿಯೂ ಕಾಲ ಹೇಳಲಾಗದು. 1947ರಲ್ಲಿ ಅಮೆರಿಕದ ವಾಯುಪಡೆ ಸೇನೆಯಿಂದ ಬೇರ್ಪಟ್ಟ ಮೇಲೂ ಪೈಲಟ್ ರೆಕ್ಕೆಯ ಆಕಾರ ಹಾಗೆಯೇ ಉಳಿಯಿತು. ನಕಲು ಮಾಡಲು ಕಷ್ಟವಾದದ್ದು ಒಂದೇ, ಅದನ್ನು ಮಾಡಿದ ರೀತಿ.

ಅಸಲಿ ಬೆಳ್ಳಿ ವಿಂಗ್ಸ್‌ಗಳನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ತೆಗೆಯುತ್ತಿದ್ದರು. ಅಗ್ಗದ ನಕಲುಗಳು ಎರಕದವು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಮೊದಲು ಹಿಂಬದಿ ನೋಡಿ. ಒತ್ತಿದ ಲೋಹ ಬಿಗಿಯಾಗಿ, ನುಣುಪಾಗಿರುತ್ತದೆ. ಎರಕದಲ್ಲಿ ಸೂಜಿಮೊನೆಯಷ್ಟು ಗುಳಿ ಅಥವಾ ಬೊಕ್ಕೆಗಳಿರುತ್ತವೆ, ಗರಿಗಳ ನಡುವಿನ ಗೆರೆ ಮೊಂಡಾಗಿರುತ್ತದೆ. ಅಂಚಿನ ಸುತ್ತ ಎರಕದ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಿ. ಅಕ್ಷರಗಳ ಅಂಚೂ ನೋಡಿ. ಅಕ್ಷರ ಒಳಗೆ ಇಳಿದಿರಲಿ, ಉಬ್ಬಿರಲಿ (ಎರಡೂ ಬಗೆ ಅಸಲಿಯಲ್ಲಿವೆ), ಅಂಚು ಚೂಪಾಗಿರಬೇಕು. ಅಸಲಿಯಿಂದಲೇ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ನೂರಕ್ಕೆ ಒಂದೆರಡು ಪಾಲು ಕುಗ್ಗುತ್ತದೆ. 76 ಮಿಲಿಮೀಟರ್ ರೆಕ್ಕೆಯಲ್ಲಿ ಸುಮಾರು ಒಂದು ಮಿಲಿಮೀಟರ್ ಕಡಿಮೆ. ಆದರೆ ಅದೇ ತಯಾರಕರ ಅಸಲಿಯ ಅಳತೆ ಕೈಯಲ್ಲಿದ್ದರಷ್ಟೇ ಈ ಹೋಲಿಕೆಗೆ ಬೆಲೆ.

ಬೆಳ್ಳಿಯೋ ಅಲ್ಲವೋ ಎಂದು ತಿಳಿಯಲು ಒರೆಗಲ್ಲಿಗೆ ಉಜ್ಜಿಸಬೇಡಿ, ಬ್ಯಾಡ್ಜ್ ಹಾಳು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಮೊದಲು ಒಣಗಿದ್ದಾಗ ತೂಗಿ. ಬಳಿಕ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ಬ್ಯಾಡ್ಜನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಅಷ್ಟೇ ಘನ ಸೆಂಟಿಮೀಟರ್ ಅದರ ಗಾತ್ರ. ಮೊದಲ ತೂಕವನ್ನು ಇದರಿಂದ ಭಾಗಿಸಿ. ಸ್ಟರ್ಲಿಂಗ್ ಬೆಳ್ಳಿಗೆ 10.3ರ ಆಸುಪಾಸು, ಹಿತ್ತಾಳೆಗೆ 8.5, ಸತುವಿನ ಮಿಶ್ರಲೋಹಕ್ಕೆ 7ಕ್ಕಿಂತ ಕೆಳಗೆ ಬರುತ್ತದೆ. ಅಂದರೆ 20 ಗ್ರಾಂ ತೂಗುವ ಬೆಳ್ಳಿ ರೆಕ್ಕೆ ಮುಳುಗಿದಾಗ 1.93 ತೋರಬೇಕು, 2.9 ತೋರಿದರೆ ಅದು ಸತುವಿನದು. ಪಿನ್ ಬೇರೆ ಲೋಹದ್ದಾದ್ದರಿಂದ ಲೆಕ್ಕ ತುಸು ಇಳಿಯುವುದು ಸಹಜ. ಕೊಕ್ಕೆಯ ಸಂದಿಯಲ್ಲಿ ಗಾಳಿಗುಳ್ಳೆ ಕೂತರೆ ಅಸಲಿಯೂ ಫೇಲಾಗುತ್ತದೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ.

ಇಷ್ಟೆಲ್ಲ ಪಾಸಾದರೂ ಒಂದು ಅಪಾಯ ಉಳಿದಿದೆ. ಹಳೇ ಅಚ್ಚುಗಳಿಂದಲೇ ದಶಕಗಳ ಬಳಿಕ ಬೆಳ್ಳಿಯಲ್ಲೇ ಒತ್ತಿದವೂ ಇವೆ. ಅಲ್ಲಿ ಸವೆತ ನೋಡಬೇಕು. ತೊಟ್ಟು ಸವೆದ ಬ್ಯಾಡ್ಜಿನಲ್ಲಿ ಉಬ್ಬಿದ ಭಾಗಗಳು ಮಾಸಿರುತ್ತವೆ, ಪಿನ್ ಕೊಕ್ಕೆಗೆ ಉಜ್ಜಿದಲ್ಲಿ ಗೀರಿರುತ್ತದೆ. ಎಲ್ಲ ತಗ್ಗುಗಳಲ್ಲೂ ಒಂದೇ ಸಮನೆ ಕಪ್ಪಿದ್ದರೆ ರಾಸಾಯನಿಕ ಹಚ್ಚಿರಬಹುದು. ಕೆಲವು ಅಸಲಿಗಳಿಗೂ ಕಾರ್ಖಾನೆಯಲ್ಲೇ ಹಚ್ಚುತ್ತಿದ್ದರಾದ್ದರಿಂದ ಇದೊಂದರ ಮೇಲೆ ತೀರ್ಪು ಬೇಡ. ಅಸಿಟೋನ್ ತಾಗಿಸಿದ ಹತ್ತಿಗೆ ಕಪ್ಪು ಬಂದರೆ ಮಾತ್ರ ಅದು ಬಳಿದ ಬಣ್ಣ. ಬೆಳ್ಳಿಯ ಸಹಜ ಕಪ್ಪು ಅಸಿಟೋನಿಗೆ ಜಗ್ಗುವುದಿಲ್ಲ. ಹಿಂದೆ 22ಎಂ ಎಂಬಂಥ ಅಂಕಿ-ಅಕ್ಷರದ ಸಂಕೇತ ಇದ್ದರೆ ಅದು ಯುದ್ಧಾನಂತರದ್ದು. ಖೋಟಾ ಅನ್ನಬೇಕಿಲ್ಲ, ಆದರೆ 1943ರ ಬ್ಯಾಡ್ಜಿನ ಬೆಲೆ ಕೊಡಬೇಡಿ.

ಪ್ರಶ್ನೆ: ಜರಿ ಕಸೂತಿಯ ‘ಆರ್‌ಐಎಎಫ್’ (ರಾಯಲ್ ಇಂಡಿಯನ್ ಏರ್ ಫೋರ್ಸ್) ರೆಕ್ಕೆ ಮಾರಾಟಕ್ಕಿದೆ. 1942ರ ಬರ್ಮಾ ಯುದ್ಧದ್ದಂತೆ.

ಉತ್ತರ: ಆ ಕಥೆ ಸುಳ್ಳು. ಭಾರತೀಯ ವಾಯುಪಡೆಗೆ ‘ರಾಯಲ್’ ಎಂಬ ಬಿರುದು ಬಂದದ್ದು 1945ರ ಮಾರ್ಚಿನಲ್ಲಿ, ಹೋದದ್ದು 1950ರ ಜನವರಿ 26ರಂದು. ಆ ನಾಲ್ಕು ಅಕ್ಷರಗಳಿದ್ದರೆ ಬ್ಯಾಡ್ಜ್ ಈ ಐದು ವರ್ಷದೊಳಗಿನದೇ ಆಗಬೇಕು. ಈಗ ಕಿರೀಟ ನೋಡಿ. ಕಮಾನುಗಳು ನೆತ್ತಿಯಲ್ಲಿ ಗುಮ್ಮಟದಂತೆ ದುಂಡಗಿದ್ದರೆ ರಾಜನ ಕಾಲದ್ದು, ಸರಿ. ನಡುವೆ ತಗ್ಗಿದ್ದರೆ ಅದು ರಾಣಿ ಎಲಿಜಬೆತ್ ಕಾಲದ ಬ್ರಿಟಿಷ್ ಬ್ಯಾಡ್ಜ್ ನೋಡಿ ಹೊಲಿದದ್ದು, ಏಕೆಂದರೆ ಆ ಕಿರೀಟ ಬಳಕೆಗೆ ಬರುವ ಹೊತ್ತಿಗೆ ಭಾರತ ಗಣರಾಜ್ಯವಾಗಿತ್ತು. (ಬ್ರಿಟನ್ನಿನ ಬ್ಯಾಡ್ಜ್ ಕೊಳ್ಳುವವರಿಗೆ ಒಂದು ಮಾತು: ಚಾರ್ಲ್ಸ್ ರಾಜನಾದ ಮೇಲೆ ದುಂಡು ಕಿರೀಟ ಮತ್ತೆ ಬಂದಿದೆ, ಕಿರೀಟ ಒಂದನ್ನೇ ನೋಡಿ ಹಳೆಯದೆನ್ನುವಂತಿಲ್ಲ.)

ಲೂಪಿನಲ್ಲಿ ಹಳೇ ಲೋಹದ ಜರಿ ಸಣ್ಣ ಸ್ಪ್ರಿಂಗಿನ ಸುರುಳಿಯಂತೆ ಕಾಣುತ್ತದೆ, ಅಲ್ಲಲ್ಲಿ ಕಪ್ಪಗೋ ಹಸಿರಾಗೋ ತಿರುಗಿರುತ್ತದೆ. ಈಗಿನ ಅಗ್ಗದ ಜರಿ ದಾರಕ್ಕೆ ಸುತ್ತಿದ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ, ಮಂಕಾಗುವುದೇ ಇಲ್ಲ. ಕತ್ತಲ ಕೋಣೆಯಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಹಾಕಿ. ಹಿಂಬದಿಯ ಹೊಲಿಗೆ ದಾರ ನೀಲಿ-ಬಿಳಿಯಾಗಿ ಉರಿದಂತೆ ಹೊಳೆದರೆ ದಾರ ಈಚಿನದೆಂದು ಅನುಮಾನಿಸಿ. ಯಾರೋ ಈಚೆಗೆ ಡಿಟರ್ಜೆಂಟಿನಲ್ಲಿ ತೊಳೆದಿದ್ದರೂ ಹಾಗೇ ಹೊಳೆಯುತ್ತದೆ. ಆಗ ಬಟ್ಟೆಯೆಲ್ಲ ಹೊಳೆಯುತ್ತದೆ, ಬರೀ ದಾರವಲ್ಲ.

ಪ್ರಶ್ನೆ: ಕೊಂಡ ಬೆಳ್ಳಿ ಬ್ಯಾಡ್ಜನ್ನು ಪಾಲಿಶ್ ಮಾಡಿಸಬಹುದೆ?

ಉತ್ತರ: ಬೇಡ. ಮೇಲೆ ಹೇಳಿದ ಸವೆತ, ಗೀರು, ಕಪ್ಪು ಎಲ್ಲ ಒಂದೇ ಉಜ್ಜಿಗೆ ಹೋಗುತ್ತವೆ. ಧೂಳಿದ್ದರೆ ಮೆತ್ತನೆ ಬ್ರಷ್ ಸಾಕು. ರಬ್ಬರ್ ತಾಗದಂತೆ ಇಡಿ, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಬೇಗ ಕಪ್ಪಾಗಿಸುತ್ತದೆ.