ಗ್ಲಿಯಾ ಕೋಶಗಳಿಗೂ ಮಗುವಿನ ಬೆಳವಣಿಗೆಗೂ ಏನು ಸಂಬಂಧ?

ಪ್ರಶ್ನೆ ಮುಂಬೈ ಬಳಿಯ ಡೊಂಬಿವಲಿಯಿಂದ: 29 ವಾರಕ್ಕೇ ಹುಟ್ಟಿದ ಮಗು, ಎಂಆರ್‌ಐ ವರದಿಯಲ್ಲಿ ‘ಪೆರಿವೆಂಟ್ರಿಕ್ಯುಲರ್ ಲ್ಯೂಕೋಮಲೇಶಿಯಾ’ (ಮಿದುಳಿನ ಕುಹರಗಳ ಸುತ್ತಲಿನ ಬಿಳಿ ಭಾಗಕ್ಕೆ ಆದ ಹಾನಿ) ಎಂದಿದೆ, ಡಾಕ್ಟರು ಗ್ಲಿಯಾ ಕೋಶಗಳಿಗೆ ಪೆಟ್ಟು ಎಂದರಂತೆ. ಹಾಗೆಂದರೇನು?

ಗ್ಲಿಯಾ ಎಂಬುದು ನರಕೋಶಗಳನ್ನು ಹಿಡಿದಿಡುವ ಅಂಟು ಎಂಬರ್ಥದಲ್ಲಿ ಜರ್ಮನ್ ವೈದ್ಯವಿಜ್ಞಾನಿ ವಿರ್ಚೋ 1856ರಲ್ಲಿ ಇಟ್ಟ ಹೆಸರು. ಹೆಸರೇ ದಾರಿ ತಪ್ಪಿಸಿತು ಅನ್ನಿ, ಇವು ಬರೀ ಅಂಟಲ್ಲ. ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶಗಳು ಸಿನಾಪ್ಸ್‌ನಲ್ಲಿ (ಎರಡು ನರಕೋಶ ಸೇರುವ ಜಾಗ) ಉಳಿದ ಗ್ಲುಟಮೇಟ್ ಎಂಬ ಸಂಕೇತ ರಾಸಾಯನಿಕವನ್ನು ಹೀರಿಕೊಳ್ಳುತ್ತವೆ. ಅದು ಅಲ್ಲೇ ನಿಂತರೆ ನರಕೋಶ ಅತಿಯಾಗಿ ಕೆರಳಿ ಸಾಯುತ್ತದೆ. ಇನ್ನೊಂದು ಬಗೆಯಾದ ಮೈಕ್ರೋಗ್ಲಿಯಾ ಬೇಡದ ಸಿನಾಪ್ಸ್‌ಗಳನ್ನು ಕತ್ತರಿಸುತ್ತವೆ.

ನಿಮ್ಮ ವರದಿಗೆ ಸಂಬಂಧಿಸಿದ್ದು ಆಲಿಗೋಡೆಂಡ್ರೋಸೈಟ್ ಎಂಬ ಗ್ಲಿಯಾ ಕೋಶ. ಇದು ಆಕ್ಸಾನ್‌ಗೆ (ನರಕೋಶದ ಉದ್ದನೆಯ ತಂತು) ಮಯಲಿನ್ ಎಂಬ ಕೊಬ್ಬಿನ ಪದರ ಸುತ್ತುತ್ತದೆ. ಮಯಲಿನ್ ಇಲ್ಲದ ತೆಳು ತಂತುವಿನಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 1 ಮೀಟರ್. ಮಯಲಿನ್ ಇರುವ ದಪ್ಪ ತಂತುವಿನಲ್ಲಿ 100 ಮೀಟರ್ ದಾಟಬಹುದು. ಪದರದ ನಡುವಿನ ಸಂದುಗಳಲ್ಲಷ್ಟೇ ನಿಂತು ಜಿಗಿಯುವ ಫಾಸ್ಟ್ ಲೋಕಲ್ ರೈಲು ಇದ್ದಂತೆ.

ಗರ್ಭದ 24ರಿಂದ 32 ವಾರಗಳಲ್ಲಿ ಈ ಕೋಶಗಳು ಇನ್ನೂ ಎಳಸು. ರಕ್ತ, ಆಮ್ಲಜನಕ ಕಡಿಮೆಯಾದರೆ ಅಥವಾ ಸೋಂಕು ತಗುಲಿದರೆ ಮೊದಲು ಸಾಯುವುದು ಅಥವಾ ಬೆಳೆಯದೆ ನಿಲ್ಲುವುದು ಇವೇ. ಕಾಲಿಗೆ ಹೋಗುವ ತಂತುಗಳು ಮಿದುಳಿನ ಕುಹರಕ್ಕೆ (ದ್ರವ ತುಂಬಿದ ಪೊಳ್ಳು) ತೀರಾ ಹತ್ತಿರ ಹಾಯುವುದರಿಂದ ಸ್ನಾಯುಗಳ ಬಿಗಿತ ಕೈಗಿಂತ ಕಾಲಲ್ಲಿ ಹೆಚ್ಚು. ಡೈಪರ್ ಬದಲಿಸುವಾಗ ತೊಡೆ ಅಗಲಿಸಲು ಕಷ್ಟ, ಎತ್ತಿ ಹಿಡಿದಾಗ ಕಾಲು ಕತ್ತರಿಯಂತೆ ಹೆಣೆದುಕೊಳ್ಳುವುದು ಕಂಡರೆ ತಡಮಾಡದೆ ತೋರಿಸಿ.

ಮಗು 40 ವಾರಕ್ಕೆ 11 ವಾರ ಮೊದಲೇ ಹುಟ್ಟಿದ್ದರಿಂದ, ಬೆಳವಣಿಗೆ ನೋಡಲು ವಯಸ್ಸು ಲೆಕ್ಕ ಹಾಕುವಾಗ 11 ವಾರ ಕಳೆಯಿರಿ. ಫಿಸಿಯೋಥೆರಪಿಗೆ ‘ಒಂದು ವರ್ಷ ಆಗಲಿ’ ಎಂದು ಕಾಯಬೇಡಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಇದೆಯೇ ವಿಚಾರಿಸಿ.