ಸಂಪಾದಕರ ಉತ್ತರ: ದಂಡೆಯ ರಸ್ತೆಗೆ ಹಿರಿಯರ ಹೆಸರು

ಮಾನ್ಯರೇ,

ನಿಮ್ಮ ದೀರ್ಘ ಪತ್ರ ತಲುಪಿದೆ. ಉಳಿದ ಓದುಗರಿಗೆ ವಿಷಯ ತಿಳಿಯಲೆಂದು ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಅಂಕೋಲಾ ತಾಲ್ಲೂಕಿನ ಕಡಲತಡಿಯ ನಿಮ್ಮ ಊರಿನಲ್ಲಿ ರಂಪಣಿ ತಂಡದ, ಅಂದರೆ ದಂಡೆಯಿಂದ ದೊಡ್ಡ ಬಲೆ ಎಳೆದು ಮೀನು ಹಿಡಿಯುವ ತಂಡದ, ಯಜಮಾನರಾಗಿದ್ದ ಹಿರಿಯರೊಬ್ಬರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಊರಿನ ಹೊಳೆಯ ಸೇತುವೆಯಿಂದ ಮುಂದಿನ ಊರಿನ ಕ್ರಾಸ್‌ವರೆಗಿನ ಹೆದ್ದಾರಿಗೆ ಅವರ ಹೆಸರಿಡಬೇಕು, ಒಳರಸ್ತೆಯ ಬಾಯಿಯಲ್ಲಿ ಒಂದು ಕಮಾನು ಎಬ್ಬಿಸಿ ದಂಡೆಯ ತುದಿಯಲ್ಲಿ ಪುತ್ಥಳಿ ನಿಲ್ಲಿಸಬೇಕು ಎಂಬುದು ಯುವಕ ಸಂಘದವರ ಆಸೆ. ಒಳರಸ್ತೆಗೆ ಗ್ರಾಮದೇವರ ಹೆಸರು ಸಾಕು, ಮನುಷ್ಯರ ಹೆಸರು ಬೇಡ ಎಂದು ಇನ್ನೊಂದು ಗುಂಪು ಪಟ್ಟು ಹಿಡಿದಿದೆ. ಯಾರ ಮಾತು ಸರಿ, ಅರ್ಜಿ ಎಲ್ಲಿಗೆ ಕೊಡಬೇಕು, ಪತ್ರಿಕೆ ಈ ಬೇಡಿಕೆಯ ಬೆನ್ನಿಗೆ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ಹಿರಿಯರ ಮನೆಯವರನ್ನು ಇನ್ನೂ ವಿಚಾರಿಸಿಲ್ಲವೆಂದು ಪತ್ರದ ಕೊನೆಯಲ್ಲಿ ನೀವೇ ಬರೆದಿರುವುದರಿಂದ ಅವರ ಹೆಸರನ್ನು ಇಲ್ಲಿ ಅಚ್ಚು ಹಾಕಿಲ್ಲ.

ಹೆದ್ದಾರಿಯ ಆಸೆಯನ್ನು ಬಿಟ್ಟುಬಿಡಿ ಎಂಬುದು ನನ್ನ ಮೊದಲ ಸಲಹೆ. ರಾಷ್ಟ್ರೀಯ ಹೆದ್ದಾರಿ 66, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಈಗಲೂ ಹದಿನೇಳಾಗಿಯೇ ಉಳಿದಿರುವ ದಾರಿ, ಕೇಂದ್ರ ಸರ್ಕಾರದ ಸ್ವತ್ತು. ನಿಮ್ಮ ಪಂಚಾಯ್ತಿಯ ಠರಾವಿನಿಂದ ಅದಕ್ಕೆ ಹೆಸರು ಬರುವುದಿಲ್ಲ, ದೆಹಲಿಗೆ ಕಳುಹಿಸಿದ ಮನವಿಗೆ ಉತ್ತರ ಬರುವಷ್ಟರಲ್ಲಿ ಸಂಘದ ಈಗಿನ ಹುಡುಗರ ತಲೆ ನರೆತಿರುತ್ತದೆ. ಅಧಿಕಾರದ ಮಾತು ಹಾಗಿರಲಿ. ಚತುಷ್ಪಥವಾದ ಮೇಲೆ ಆ ದಾರಿಯಲ್ಲಿ ಹೋಗುವವರು ನಿಮ್ಮ ಊರನ್ನು ನೋಡಲು ಬಂದವರಲ್ಲ, ದಾಟಿ ಹೋಗಲು ಬಂದವರು. ಹೆದ್ದಾರಿಯ ತುಣುಕುಗಳಿಗೆ ಹೆಸರು ಅಂಟುವ ರೀತಿಯೇ ಬೇರೆ. 2024ರ ಜುಲೈ 16ರಂದು ಗುಡ್ಡ ಕುಸಿದ ಮೇಲೆ ಗಂಗಾವಳಿಯ ದಡದ ಆ ತಿರುವು ನಾಡಿಗೆಲ್ಲ 'ಶಿರೂರು' ಆಯಿತು. ಅದಕ್ಕೆ ಯಾರೂ ಅರ್ಜಿ ಕೊಟ್ಟಿರಲಿಲ್ಲ.

ಕಮಾನು ಮತ್ತು ಪುತ್ಥಳಿಯ ವಿಷಯದಲ್ಲಿ ಕಾನೂನಿನ ತೊಡಕೂ ಇದೆ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗ ಹಾಗೂ ಇತರ ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸುವುದಕ್ಕಾಗಲೀ ಕಟ್ಟಡ ಎಬ್ಬಿಸುವುದಕ್ಕಾಗಲೀ ಇನ್ನು ಮುಂದೆ ಅನುಮತಿ ಕೊಡಕೂಡದು ಎಂದು ಸುಪ್ರೀಂ ಕೋರ್ಟು 2013ರ ಜನವರಿ 18ರಂದು ರಾಜ್ಯ ಸರ್ಕಾರಗಳಿಗೆ ಆದೇಶಿಸಿತು. ಸಂಘದವರು ವಂತಿಗೆ ಎತ್ತಿ ಕಟ್ಟಿದ್ದನ್ನು ನಾಳೆ ಯಾರೋ ದೂರು ಕೊಟ್ಟು ಕೆಡವಿಸುವಂತಾದರೆ ಆ ಅವಮಾನ ಹೋದ ಹಿರಿಯರಿಗೇ ತಟ್ಟುತ್ತದೆ. ಹೆಸರಿನ ಫಲಕಕ್ಕೆ ಈ ಅಡ್ಡಿ ಇಲ್ಲ.

ದೇವರ ಹೆಸರೋ ಹಿರಿಯರ ಹೆಸರೋ ಎಂಬ ಜಗಳ ನೀವು ತಿಳಿದಷ್ಟು ಕಗ್ಗಂಟಿನದಲ್ಲ. ಬಳಕೆಯಲ್ಲಿರುವ ರಸ್ತೆಯ ಹೆಸರನ್ನು ಬದಲಿಸಿದರೆ ಅಂಚೆಯವರಿಗೂ ಜನರಿಗೂ ಗೊಂದಲವಾಗುತ್ತದೆ, ಊರಿನ ಇತಿಹಾಸದ ನೆನಪೂ ಅಳಿಯುತ್ತದೆ; ಆದ್ದರಿಂದ ಹಳೆಯ ಹೆಸರುಗಳನ್ನು ಹಾಗೇ ಬಿಟ್ಟು, ಹೆಸರಿಲ್ಲದ ಹೊಸ ರಸ್ತೆಗಳಿಗೆ ಮಾತ್ರ ಸ್ಥಳೀಯ ಅಥವಾ ರಾಷ್ಟ್ರೀಯ ಗಣ್ಯರ ಹೆಸರಿಡಬಹುದು ಎಂದು ಕೇಂದ್ರ ಗೃಹ ಸಚಿವಾಲಯ 1975ರ ಸೆಪ್ಟೆಂಬರ್ 27ರ ಮಾರ್ಗಸೂಚಿಯಲ್ಲಿಯೇ ಹೇಳಿದೆ. ಈ ಮಾತು ಈಗಲೂ ವಿವೇಕದ್ದೇ ಎಂದು ನಾನು ತಿಳಿದಿದ್ದೇನೆ. ಬಸ್ ತಂಗುದಾಣದಿಂದ ಗುಡಿಯವರೆಗಿನ ಭಾಗಕ್ಕೆ 'ದೇವಸ್ಥಾನ ರಸ್ತೆ' ಎಂದೇ ಮನೆ ಕರದ ರಸೀತಿಯಲ್ಲಿ ಬರುತ್ತದೆ ಎಂದು ನೀವೇ ಬರೆದಿದ್ದೀರಿ. ಅದನ್ನು ಮುಟ್ಟಬೇಡಿ. ಗುಡಿಯ ಕಟ್ಟೆಯಿಂದ ದಂಡೆಯವರೆಗೆ, ದೋಣಿ ಎಳೆದು ಹಾಕುವ ಜಾಗದವರೆಗೆ ಹೋಗುವ ತುಂಡಿಗೆ ದಾಖಲೆಯಲ್ಲಿ ಯಾವ ಹೆಸರೂ ಇಲ್ಲವಲ್ಲ, ಹಿರಿಯರ ಹೆಸರಿಗೆ ತಕ್ಕ ಜಾಗ ಅದೇ. ಅವರ ತಂಡದ ಬಲೆ ಒಣಗುತ್ತಿದ್ದುದು ಅಲ್ಲಿ, ಪಾಲು ಹಂಚುತ್ತಿದ್ದುದು ಅಲ್ಲಿ, ಇಕ್ಕೆಲಗಳಲ್ಲಿ ಮನೆಗಳಿರುವುದೂ ಅಲ್ಲಿಯೇ. ಮನೆ ಬಾಗಿಲುಗಳಿಲ್ಲದ ರಸ್ತೆಗೆ ಇಟ್ಟ ಹೆಸರು ಫಲಕದ ಮೇಲೆ ಮಾತ್ರ ಉಳಿಯುತ್ತದೆ. ಬಾಗಿಲುಗಳಿದ್ದರೆ ಪಡಿತರ ಚೀಟಿಯಲ್ಲಿ, ಹೆಸ್ಕಾಂನ ವಿದ್ಯುತ್ ಬಿಲ್ಲಿನಲ್ಲಿ, ಮದುವೆಯ ಕರೆಯೋಲೆಯಲ್ಲಿ ಬಂದು ಬಳಕೆಯಾಗುತ್ತದೆ.

ರಸ್ತೆ ಗಿಡ್ಡವಾಯಿತು ಎಂದು ಸಂಘದವರು ಬೇಸರಿಸಬಹುದು. ಅವರಿಗೆ ನಮ್ಮ ಜಿಲ್ಲೆಯದೇ ಒಂದೆರಡು ಸಂಗತಿ ನೆನಪಿಸಿ. ಕಾರವಾರ ತಾಲ್ಲೂಕಿನ ಚೆಂಡಿಯಾ ಮೂಲದ ರಾಮ ರಾಘೋಬಾ ರಾಣೆಯವರಿಗೆ ಪರಮವೀರ ಚಕ್ರ ಬಂದದ್ದು ರಸ್ತೆಯ ಕೆಲಸಕ್ಕೇ: 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಶತ್ರುಗಳು ಹೂತಿಟ್ಟ ನೆಲಬಾಂಬುಗಳನ್ನೂ ಅಡ್ಡ ಹಾಕಿದ ಮರಗಳನ್ನೂ ಗುಂಡಿನ ಮಳೆಯ ನಡುವೆ ತೆಗೆದು ಟ್ಯಾಂಕುಗಳಿಗೆ ದಾರಿ ಬಿಡಿಸಿದ ಎಂಜಿನಿಯರ್ ಅಧಿಕಾರಿ ಅವರು. ಕಾರವಾರದ ಕಡಲತಡಿಯಲ್ಲಿ ಅವರ ಪ್ರತಿಮೆಯಿದೆ. 2023ರ ಜನವರಿಯಲ್ಲಿ ಅಂಡಮಾನಿನ ಹೆಸರಿಲ್ಲದ ದ್ವೀಪವೊಂದಕ್ಕೂ ಅವರ ಹೆಸರಿಟ್ಟರು. ಹೆಸರಿಲ್ಲದ ಜಾಗವಾದ್ದರಿಂದ ಯಾರದೂ ತಕರಾರಿಲ್ಲ. ದಿನಕರ ದೇಸಾಯಿಯವರದು ಇನ್ನೊಂದು ಬಗೆ. ಗೇಣಿದಾರರ ಪರ ನಿಂತದ್ದಕ್ಕಾಗಿ 1940ರಲ್ಲಿ ಸ್ವಂತ ಜಿಲ್ಲೆಯಿಂದಲೇ ಗಡಿಪಾರಾದ ಆ ಮನುಷ್ಯ, ಮುಂದೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದಾಗ ಹಲವು ಶಾಲೆಗಳಿಗೆ 'ಜನತಾ ವಿದ್ಯಾಲಯ' ಎಂದು ಹೆಸರಿಟ್ಟರು, 1966ರಲ್ಲಿ ಅಂಕೋಲೆಯ ಕಾಲೇಜಿಗೆ ಗೋಖಲೆಯವರ ಹೆಸರಿಟ್ಟರು. ತಮ್ಮ ಹೆಸರನ್ನು ಬರೆಸಲಿಲ್ಲ.

ಹಾಗೆಂದು ಹೆಸರಿಡುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಮ್ಮ ತಾಲ್ಲೂಕಿನವರೇ ಆದ ತುಳಸಿ ಗೌಡರು 2024ರ ಡಿಸೆಂಬರ್ 16ರಂದು, ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿ 13ರಂದು ಅಗಲಿದರು. ಇಬ್ಬರೂ ಪದ್ಮಶ್ರೀ ಪಡೆದವರು. ಅವರು ನೆಟ್ಟ ಗಿಡ, ಹಾಡಿದ ಹಾಡು ದೇಶದ ದಾಖಲೆಯಲ್ಲಿವೆ, ರಸ್ತೆಯ ಫಲಕ ಇರಲಿ ಬಿಡಲಿ ಅವರನ್ನು ಜನ ಮರೆಯುವುದಿಲ್ಲ. ನಿಮ್ಮ ಹಿರಿಯರ ಬಗ್ಗೆ ಎಲ್ಲಿಯೂ ಒಂದು ಸಾಲು ಅಚ್ಚಾಗಿಲ್ಲ. ಅವರನ್ನು ಕಂಡವರು ತೀರಿದ ಮೇಲೆ ಉಳಿಯುವ ಲಿಖಿತ ಗುರುತು ಬಹುಶಃ ಈ ಫಲಕ ಒಂದೇ. ರಸ್ತೆಯ ಹೆಸರು ನಿಜವಾಗಿ ಕೆಲಸ ಮಾಡುವುದು ಇಂಥವರ ವಿಷಯದಲ್ಲಿಯೇ, ಆದರೆ ಅವರು ಯಾರೆಂಬುದನ್ನು ಫಲಕ ಹೇಳಬೇಕು.

ಇಲ್ಲಿಯೇ ನಿಮ್ಮ ಸಂಘದ ಕರಡು ನನಗೆ ಒಪ್ಪಿಗೆಯಾಗಲಿಲ್ಲ. 'ಸಮಾಜದ ಧುರೀಣ, ಕೊಡುಗೈ ದಾನಿ, ಅಜಾತಶತ್ರು' ಎಂದು ಬರೆದು, ಕೆಳಗೆ ಸಂಘದ ಪದಾಧಿಕಾರಿಗಳ ಹೆಸರುಗಳನ್ನೂ ಉದ್ಘಾಟಕರ ಹೆಸರನ್ನೂ ಸಾಲಾಗಿ ಹಾಕಿದ್ದೀರಿ; ಎಣಿಸಿದರೆ ಹಿರಿಯರಿಗೆ ಸಿಕ್ಕ ಜಾಗಕ್ಕಿಂತ ಉಳಿದವರಿಗೆ ಸಿಕ್ಕದ್ದೇ ಹೆಚ್ಚು. ನಮ್ಮ ಕರಾವಳಿಯ ಬಹುಪಾಲು ಫಲಕಗಳ ಹಣೆಬರಹ ಇದೇ. ಈ ವಿಶೇಷಣಗಳನ್ನು ಯಾವ ಊರಿನ ಯಾವ ಯಜಮಾನರಿಗೂ ಬರೆಯಬಹುದು. ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಇರುವುದನ್ನು ಬೇರೆ ಯಾರಿಗೂ ಬರೆಯಲಾಗದು: ಹತ್ತಾರು ಜನ ಎರಡು ತುದಿ ಹಿಡಿದು ಬಲೆ ಎಳೆದ ಮೇಲೆ, ಬಾಂಗಡೆಯ ರಾಶಿಯನ್ನು ಪಾಲು ಮಾಡುವ ಮೊದಲು, ಗಂಡಸರಿಲ್ಲದ ಮನೆಗಳಿಗೆಂದು ಅವರು ಒಂದು ಬುಟ್ಟಿ ಬದಿಗೆ ಇಡುತ್ತಿದ್ದರು, ಅದು ಬಿಟ್ಟಿಯಲ್ಲ, ಲೆಕ್ಕದ ಪಾಲು ಎಂದು ಎಲ್ಲರೆದುರು ಹೇಳುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಪರ್ಸಿನ್ ಬೋಟುಗಳು ಬಂದು, ದಂಡೆಗೆ ಬರುವ ಮೀನಿನ ಹಿಂಡನ್ನು ನಡುಗಡಲಿನಲ್ಲಿಯೇ ಸುತ್ತುಗಟ್ಟಿ ಎತ್ತಿಕೊಂಡಾಗ ರಂಪಣಿಯವರ ಬಲೆ ಬರಿದಾಯಿತು. ಆ ಕಷ್ಟದ ವರ್ಷಗಳಲ್ಲಿಯೂ ಬುಟ್ಟಿ ಸಣ್ಣದಾಯಿತೇ ಹೊರತು ತಪ್ಪಲಿಲ್ಲ ಎಂದು ಬರೆದಿದ್ದೀರಿ. ಫಲಕದಲ್ಲಿ ಇರಬೇಕಾದದ್ದು ಈ ಸಂಗತಿ, ಎರಡೇ ವಾಕ್ಯದಲ್ಲಿ. ಹೆಸರಿನ ಹಿಂದೆ ಸಮಾಜದ ಹೆಸರನ್ನು ಸೇರಿಸುವ ಪ್ರಸ್ತಾಪವನ್ನೂ ಕೈಬಿಡಿ. ಪಡಿತರ ಚೀಟಿಯ, ಪಿಂಚಣಿಯ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅವರು ಅಲೆದದ್ದು ಒಂದೇ ಕೇರಿಗಾಗಿ ಅಲ್ಲ ಎಂಬುದು ನಿಮ್ಮದೇ ಮಾತು.

ಇನ್ನು ಅರ್ಜಿಯ ದಾರಿ. ಆ ತುಂಡು ರಸ್ತೆ ಗ್ರಾಮ ಪಂಚಾಯ್ತಿಯದೋ, ಲೋಕೋಪಯೋಗಿ ಇಲಾಖೆಯದೋ ಎಂಬುದನ್ನು ಪಿಡಿಒ ಅವರಲ್ಲಿ ರಸ್ತೆಗಳ ದಾಖಲೆ ನೋಡಿ ಖಚಿತ ಮಾಡಿಕೊಳ್ಳಿ. ಪಂಚಾಯ್ತಿಯದಾದರೆ ವಾರ್ಡ್ ಸಭೆಯಲ್ಲಿ ವಿಷಯ ಇಟ್ಟು, ಗ್ರಾಮಸಭೆಯ ಒಪ್ಪಿಗೆ ಪಡೆದು, ಪಂಚಾಯ್ತಿಯ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ. ಇಲಾಖೆಯದಾದರೆ ಆ ಠರಾವಿನೊಂದಿಗೆ ಅವರ ಒಪ್ಪಿಗೆಯನ್ನೂ ಕೇಳಿ. ಅರ್ಜಿಯಲ್ಲಿ ರಸ್ತೆಯ ಆರಂಭ ಮತ್ತು ಕೊನೆಯನ್ನು ಸ್ಪಷ್ಟವಾಗಿ ಬರೆಯಿರಿ. ದೇವರ ಹೆಸರಿನ ಪರವಾಗಿರುವವರನ್ನು ಗ್ರಾಮಸಭೆಗೆ ನೀವೇ ಹೋಗಿ ಕರೆಯಿರಿ. ದೇವಸ್ಥಾನ ರಸ್ತೆ ಹಾಗೆಯೇ ಉಳಿಯುತ್ತದೆಂದು ಲಿಖಿತದಲ್ಲಿ ಕಂಡ ಮೇಲೆ ಅವರ ವಿರೋಧಕ್ಕೆ ಹೆಚ್ಚು ಬಲವಿರಲಾರದು. ಠರಾವಾದ ಮೇಲೆ ಅಂಚೆ ಕಚೇರಿಗೂ ಹೆಸ್ಕಾಂ ಕಚೇರಿಗೂ ಒಂದೊಂದು ಪ್ರತಿ ಕೊಡಲು ಮರೆಯಬೇಡಿ, ಸಾಮಾನ್ಯವಾಗಿ ಎಲ್ಲರೂ ಬಿಡುವುದು ಇದನ್ನೇ.

ಇದಕ್ಕೆಲ್ಲ ಮೊದಲು ಮನೆಯವರನ್ನು ಕೇಳಿ. ಅವರು ಬೇಡವೆಂದರೆ ವಿಷಯ ಅಲ್ಲಿಗೇ ಮುಗಿಯಿತು. ಒಪ್ಪಿದರೆ, ಪತ್ರಿಕೆ ಬೆನ್ನಿಗೆ ನಿಲ್ಲುವುದೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಠರಾವಿಗೆ ಮುನ್ನ ಒತ್ತಾಯದ ಲೇಖನ ಬರೆಯುವುದಿಲ್ಲ, ಅದು ಗ್ರಾಮಸಭೆ ತೀರ್ಮಾನಿಸಬೇಕಾದ ವಿಷಯ. ಠರಾವಿನ ಪ್ರತಿ ಬಂದ ಮೇಲೆ ನಿಮ್ಮ ಪತ್ರದ ಎರಡನೆಯ ಪುಟವನ್ನು, ಹಿರಿಯರ ಹೆಸರಿನೊಂದಿಗೆ, ಒಂದಕ್ಷರ ಬಿಡದೆ ಪ್ರಕಟಿಸುತ್ತೇವೆ. ಅವರ ಭಾವಚಿತ್ರ ಇದ್ದರೆ ಅದನ್ನೂ ಕಳುಹಿಸಿ.

– ಸಂ.