ಕ್ಯಾಪ್ಟನ್ ನೆಮೊ ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದೇಕೆ?

ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1869–70ರಲ್ಲಿ ಧಾರಾವಾಹಿಯಾಗಿ ಪ್ರಕಟಿಸಿದ ಸಾಗರಸಾಹಸದ ಕಾದಂಬರಿಯ ನಾಯಕ ನೆಮೊ ಇಷ್ಟು ಕಾಲ ಉಳಿದಿರುವುದಕ್ಕೆ ಅವನ ಜಲಾಂತರ್ಗಾಮಿ ನಾಟಿಲಸ್‌ಗಿಂತ ಅವನ ಆಕ್ರೋಶವೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ. ವರ್ನ್ ಮೊದಲು ಅವನನ್ನು ರಷ್ಯಾದ ದಬ್ಬಾಳಿಕೆಗೆ ಸಿಡಿದೆದ್ದ ಪೋಲೆಂಡಿನವನೆಂದು ಕಲ್ಪಿಸಿಕೊಂಡಿದ್ದರೂ ಪ್ರಕಾಶಕರು ಒಪ್ಪದ ಕಾರಣ ಅವನ ನಾಡು ಯಾವುದೆಂಬುದು ಗುಟ್ಟಾಗಿಯೇ ಉಳಿಯಿತು. ಕೆಲವೇ ವರ್ಷಗಳ ನಂತರ ಬಂದ ಮತ್ತೊಂದು ಕಾದಂಬರಿಯಲ್ಲಿ ಅವನು ಬುಂದೇಲಖಂಡದ ರಾಜಕುಮಾರ ಡಕ್ಕರ್ ಎಂದೂ, 1857ರ ಹೋರಾಟದಲ್ಲಿ ಪಾಲ್ಗೊಂಡು ಸಂಸಾರವನ್ನೇ ಕಳೆದುಕೊಂಡವನೆಂದೂ, ನಮ್ಮ ಮೈಸೂರಿನ ಟಿಪ್ಪು ಸುಲ್ತಾನನ ಹತ್ತಿರದ ಬಂಧುವೆಂದೂ ತಿಳಿದುಬರುತ್ತದೆ (ಟಿಪ್ಪು 1799ರಲ್ಲೇ ಮಡಿದಿದ್ದರಿಂದ ಕಾಲದ ಲೆಕ್ಕ ಕೊಂಚ ಎಳೆದಂತೆ ಕಾಣುತ್ತದೆ, ಆ ಮಾತು ಬೇರೆ). ವಸಾಹತುಶಾಹಿಯನ್ನು ದ್ವೇಷಿಸುವ ವಿಜ್ಞಾನಿಯೊಬ್ಬನನ್ನು, ಅದರಲ್ಲೂ ಭಾರತೀಯನನ್ನು, ಯುರೋಪಿನ ಜನಪ್ರಿಯ ಸಾಹಿತ್ಯ ನಾಯಕನನ್ನಾಗಿ ಮಾಡಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ.

ಅಮೆರಿಕದ ಮೊದಲ ಅಣುಶಕ್ತಿ ಜಲಾಂತರ್ಗಾಮಿಯ ಹೆಸರೂ ನಾಟಿಲಸ್. ಆದರೆ ಅಲ್ಲಿನ ನೌಕಾಪಡೆಯಲ್ಲಿ ಆ ಹೆಸರು ಮೊದಲೇ ಬಳಕೆಯಲ್ಲಿದ್ದುದರಿಂದ ಅದರ ಪೂರ್ಣ ಶ್ರೇಯಸ್ಸನ್ನು ವರ್ನ್‌ಗೆ ಕೊಡಲಾಗದು. ದಕ್ಷಿಣ ಪೆಸಿಫಿಕ್‌ನಲ್ಲಿ ಎಲ್ಲ ನೆಲದಿಂದಲೂ ಅತಿ ದೂರದಲ್ಲಿರುವ, ಸುಮಾರು 2,688 ಕಿ.ಮೀ. ಸುತ್ತ ನೀರೇ ತುಂಬಿರುವ ಬಿಂದುವಿಗೆ ಮಾತ್ರ ನೇರವಾಗಿ ನೆಮೊನ ಹೆಸರನ್ನೇ ಇಡಲಾಗಿದ್ದು, ಬಳಕೆ ಮುಗಿದ ಬಾಹ್ಯಾಕಾಶ ನೌಕೆಗಳನ್ನು ಆ ಭಾಗದ ಸಮುದ್ರಕ್ಕೇ ಬೀಳಿಸುತ್ತಾರೆ.